ದವಡೆ ಊದಿದ ಇಗ್ವಾನಾಗೆ ಮೊದಲು ಶಾಖ, ಆಮೇಲೆ ಸೊಪ್ಪು

ಪ್ರಶ್ನೆ: ಊರು ಬಿಟ್ಟು ಹೋದ ಪಕ್ಕದ ಮನೆಯವರು ತಾವು ಸಾಕಿದ್ದ ಹಸಿರು ಇಗ್ವಾನಾವನ್ನು (ಸೊಪ್ಪು ತಿನ್ನುವ ದೊಡ್ಡ ಹಲ್ಲಿ) ನಮಗೆ ಕೊಟ್ಟಿದ್ದಾರೆ. ಇಷ್ಟು ದಿನ ಗಾಜಿನ ತೊಟ್ಟಿಯಲ್ಲಿ ಸೌತೆಕಾಯಿ, ಎಲೆಕೋಸು ತಿಂದುಕೊಂಡಿತ್ತಂತೆ. ಈಗ ಕೆಳದವಡೆ ಊದಿದೆ, ಬೆರಳು ನಡುಗುತ್ತವೆ. ತೀರ್ಥಹಳ್ಳಿಯಲ್ಲಿ ಜಡಿಮಳೆ. ಏನು ಮಾಡಲಿ?

ಉತ್ತರ: ನಡುಕ ಬಂದಿದೆಯೆಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರಬೇಕು. ತಡಮಾಡದೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕಾಗಲಿ, ಸರೀಸೃಪ ನೋಡುವ ವೈದ್ಯರಲ್ಲಿಗಾಗಲಿ ಒಯ್ಯಿರಿ. ಎತ್ತುವಾಗ ಎದೆ ಮತ್ತು ಸೊಂಟದಡಿ ಎರಡೂ ಕೈ ಕೊಡಿ. ಈ ಸ್ಥಿತಿಯಲ್ಲಿ ಮೂಳೆ ಸುಲಭವಾಗಿ ಮುರಿಯುತ್ತದೆ.

ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣ ಚರ್ಮಕ್ಕೆ ಬಿದ್ದರೆ ಡಿ3 ವಿಟಮಿನ್ ತಯಾರಾಗುತ್ತದೆ. ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ದೇಹ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ. ಮೆತ್ತಗಾದ ಮೂಳೆಯ ಸುತ್ತ ನಾರು ಬೆಳೆದು ದವಡೆ, ತೊಡೆ ಊದುತ್ತವೆ. ತೊಡೆ ದುಂಡಗಿದೆ, ಮೈ ಹತ್ತಿದೆ ಎಂದು ಖುಷಿಪಡಬೇಡಿ. ಬಾಲದ ಬುಡ ಮುಟ್ಟಿ ನೋಡಿ, ಅಲ್ಲಿ ಎಲುಬು ಎದ್ದು ಕಂಡರೆ ಅದು ಸೊರಗಿದ ಪ್ರಾಣಿಯೇ.

ಮನೆಯಲ್ಲಿ ಮೊದಲು ಶಾಖ ಕೊಡಿ. ತಣ್ಣಗಿರುವ ಇಗ್ವಾನಾಗೆ ತಿಂದದ್ದು ಅರಗುವುದಿಲ್ಲ, ಹೊಟ್ಟೆಯಲ್ಲೇ ಕೊಳೆಯುತ್ತದೆ. ಶಾಖ ಕೊಡುವ ಬಲ್ಬಿನ ಕೆಳಗೆ 33–35 ಡಿಗ್ರಿ ಸೆಲ್ಸಿಯಸ್, ತಂಪಿನ ಕಡೆ 27, ರಾತ್ರಿ 24ಕ್ಕಿಂತ ಇಳಿಯಬಾರದು. ಅದು ಕೂರುವ ಜಾಗದಲ್ಲೇ ಥರ್ಮಾಮೀಟರ್ ಇಡಿ. ಕಂಬಳಿ ಹೊದಿಸಿ ಉಪಯೋಗವಿಲ್ಲ. ಸ್ವಂತ ಶಾಖವಿಲ್ಲದ ಮೈಯನ್ನು ಕಂಬಳಿ ಬೆಚ್ಚಗಾಗಿಸಲಾರದು. ಬಚ್ಚಲೊಲೆಯ ಪಕ್ಕ ಇಟ್ಟರೆ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಕರೆಂಟು ಹೋದರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡಿ.

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಸರೀಸೃಪಗಳಿಗೆಂದೇ ಮಾಡಿದ ಯುವಿಬಿ ಟ್ಯೂಬ್ ಬೇಕೇ ಬೇಕು. ಸಾಮಾನ್ಯವಾಗಿ 25–30 ಸೆಂ.ಮೀ. ಅಂತರದಲ್ಲಿ ದಿನಕ್ಕೆ 12 ಗಂಟೆ ಉರಿಸಿ. ಡಬ್ಬಿಯ ಮೇಲೆ ಬೇರೆ ಅಂತರ ಬರೆದಿದ್ದರೆ ಅದನ್ನೇ ಅನುಸರಿಸಿ. ನಡುವೆ ಗಾಜು ಇರಕೂಡದು, ಗಾಜು ಯುವಿಬಿಯನ್ನು ತಡೆಯುತ್ತದೆ. ಬೆಳಕು ಕಂಡರೂ ಕಿರಣ ಕ್ಷೀಣಿಸಿರುತ್ತದೆ, ಹಾಗಾಗಿ ವರ್ಷದೊಳಗೆ ಟ್ಯೂಬ್ ಬದಲಿಸಿ.

ದಿನಕ್ಕೊಮ್ಮೆ 15 ನಿಮಿಷ ಭುಜದ ಮಟ್ಟದ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿ, ಪಕ್ಕದಲ್ಲೇ ಇರಿ. ಬೆರಳಿಗೆ ಅಂಟಿದ ಹಳೆ ಪೊರೆ ನೆನೆದು ತಾನಾಗಿ ಬಿಡಲಿ. ಕಿತ್ತರೆ ಚರ್ಮವೂ ಬರುತ್ತದೆ.

ಮೈ ಬೆಚ್ಚಗಾದ ಮೇಲೆ ಸಣ್ಣಗೆ ಹೆಚ್ಚಿದ ಸೊಪ್ಪು ಸ್ವಲ್ಪಸ್ವಲ್ಪವಾಗಿ ಕೊಡಿ. ಹಿಪ್ಪುನೇರಳೆ ಎಲೆ, ನುಗ್ಗೆಸೊಪ್ಪು, ದಾಸವಾಳದ ಎಲೆ-ಹೂವು ಒಳ್ಳೆಯವು. ತೋಟಕ್ಕೆ ಔಷಧಿ ಹೊಡೆದಿರಬಾರದು. ಪಾಲಕ್, ಹರಿವೆಯಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಮೈಗೆ ಹತ್ತದಂತೆ ಕಟ್ಟಿಹಾಕುತ್ತದೆ. ಬೆಣ್ಣೆಹಣ್ಣು ವಿಷ. ಮೊಟ್ಟೆ, ಮಾಂಸ ಬೇಡ. ಕ್ಯಾಲ್ಸಿಯಂ ಎಷ್ಟೆಂದು ವೈದ್ಯರೇ ತೂಕ ನೋಡಿ ಹೇಳಲಿ. ಡಿ3 ಹನಿಯನ್ನು ಅಂದಾಜಿನಲ್ಲಿ ಹಾಕಿದರೆ ಮೂತ್ರಪಿಂಡ ಹಾಳಾಗುತ್ತದೆ.

ಎತ್ತರದ ಕೊಂಬೆಗಳನ್ನು ಸದ್ಯಕ್ಕೆ ತೆಗೆಯಿರಿ. ನೆಲಕ್ಕೆ ದಿನಪತ್ರಿಕೆ ಹಾಸಿ ದಿನವೂ ಬದಲಿಸಿ, ಮಳೆಗಾಲದ ಶೀತಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ. ಇಗ್ವಾನಾ ವಿದೇಶಿ ತಳಿ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿದ ಕಾಗದವನ್ನು ಹಳೆಯ ಮಾಲೀಕರಿಂದ ಕೇಳಿ ಪಡೆಯಿರಿ.

ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಚೇತರಿಕೆಗೆ ತಿಂಗಳುಗಳೇ ಬೇಕು, ಬಾಗಿದ ಕಾಲು ನೆಟ್ಟಗಾಗುವುದಿಲ್ಲ. ದವಡೆ ಗಟ್ಟಿಯಾಗಿ, ಹೊಟ್ಟೆಯನ್ನು ನೆಲಕ್ಕೆ ತಾಗಿಸದೆ ನಡೆಯತೊಡಗಿದ ಮೇಲೆ ಕೊಂಬೆಯನ್ನು ಗೇಣುಗೇಣಾಗಿ ಎತ್ತರಿಸಿ.