ಗಟ್ಟಿ ಹಿಡ್ಕೊಂಡಿದ್ದೆ ಡಾಕ್ಟ್ರೇ

ನನ್ನ ಕ್ಲಿನಿಕ್ಕಿನ ಕಿಟಕಿಯಿಂದ ನೋಡಿದರೆ ಕಾರು ನಿಲ್ಲಿಸುವ ಜಾಗ ಕಾಣುತ್ತದೆ. ಬುಧವಾರ ಲಸಿಕೆಯ ದಿನ. ಒಂದರ ಹಿಂದೆ ಒಂದು ಕಾರು ಬರುತ್ತದೆ. ಎಡಗಡೆಯ ಮುಂದಿನ ಬಾಗಿಲು ತೆರೆಯುತ್ತದೆ. ಮೊದಲು ಹೊರಗೆ ಬರುವುದು ಬಟ್ಟೆಯಲ್ಲಿ ಸುತ್ತಿದ ಮಗು, ಆಮೇಲೆ ಅಮ್ಮ. ಮಗುವಿನ ಕಿವಿಗೆ ಹತ್ತಿ, ತಲೆಗೆ ಟೊಪ್ಪಿ, ಕೆನ್ನೆಯಲ್ಲಿ ದೃಷ್ಟಿಬೊಟ್ಟು. ಗಾಳಿ ತಾಗಬಾರದು ಅಂತ ಕಾರಿನ ಗಾಜು ಕೂಡ ಏರಿಸಿರುತ್ತಾರೆ. ಇಷ್ಟೆಲ್ಲ ಜೋಪಾನ ಮಾಡುವವರು ಮಗುವನ್ನು ತಂದಿರುವುದು ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಇಟ್ಟುಕೊಂಡು. ಮಗುವಿಗೆ ಇಡೀ ಕಾರಿನಲ್ಲಿ ಅದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ.

ಟಯರಿನ ಗಾಳಿ, ರಾತ್ರಿ ನಿದ್ದೆಗೆಟ್ಟು ಓಡಿಸಬಾರದು, ಕುಡಿದು ಓಡಿಸಬಾರದು, ಇದೆಲ್ಲ ನಿಮಗೆ ಗೊತ್ತೇ ಇದೆ. ನಾನು ಹೇಳಲು ಹೊರಟದ್ದು ಒಂದೇ ಮಾತು. ಕಾಸರಗೋಡಿನ ಈ ಕಡೆಯ ಮಕ್ಕಳನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುತ್ತೇನೆ. ಕಾರು ಡಿಕ್ಕಿಯಾದಾಗ ಮಗುವನ್ನು ಕೈಯಲ್ಲಿ ಹಿಡಿದುಕೊಳ್ಳಲು ಯಾರಿಂದಲೂ ಆಗುವುದಿಲ್ಲ. ಅಮ್ಮನಿಂದಲೂ ಆಗುವುದಿಲ್ಲ, ಜಿಮ್ಮಿಗೆ ಹೋಗುವ ಮಾವನಿಂದಲೂ ಆಗುವುದಿಲ್ಲ.

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತು. ಹೆದ್ದಾರಿಯನ್ನು ಆರು ಪಥ ಮಾಡುವ ಕೆಲಸ ನಡೆಯುತ್ತಿತ್ತು. ಇವತ್ತು ಇದ್ದ ದಾರಿ ನಾಳೆ ಇರುತ್ತಿರಲಿಲ್ಲ. ಮೊಗ್ರಾಲಿನ ಹತ್ತಿರ ಒಂದು ಕಾರಿನ ಎದುರು ಸ್ಕೂಟರೊಂದು ಅಡ್ಡ ಬಂತು. ಕಾರಿನವರು ಬ್ರೇಕ್ ಹಾಕಿದರು. ಡಿಕ್ಕಿ ಏನೂ ಆಗಲಿಲ್ಲ. ವೇಗ ಮೂವತ್ತೋ ಮೂವತ್ತೈದೋ ಇದ್ದಿರಬೇಕು. ಮುಂದಿನ ಸೀಟಿನಲ್ಲಿ ಅಜ್ಜಿ, ಅವರ ಮಡಿಲಲ್ಲಿ ಒಂದೂವರೆ ವರ್ಷದ ಮೊಮ್ಮಗ. ಅವನ ಹಣೆ ಡ್ಯಾಶ್‌ಬೋರ್ಡಿಗೆ ಬಡಿದು, ತುಟಿ ಹಲ್ಲಿಗೆ ಸಿಕ್ಕಿ ಸೀಳಿತ್ತು. ನನ್ನ ಹತ್ತಿರ ತಂದರು. ಮಗು ಅಳುತ್ತಿತ್ತು. ಅತ್ತರೆ ನಮಗೆ ಸಮಾಧಾನ, ಪ್ರಜ್ಞೆ ಸರಿಯಿದೆ ಅಂತ. ಆದರೂ ತಲೆಗೆ ಪೆಟ್ಟು ಅಂದ ಮೇಲೆ ಸುಮ್ನೆ ಮನೆಗೆ ಕಳಿಸುವ ಹಾಗಿಲ್ಲ. ಮಂಗಳೂರಿಗೆ ಕಳಿಸಿ ಒಂದು ರಾತ್ರಿ ನಿಗಾದಲ್ಲಿ ಇರಿಸಿದ್ದಾಯಿತು. ಮಗು ಹುಷಾರಾಯಿತು.

ನನಗೆ ಮರೆಯಲಾಗದ್ದು ಆ ಅಜ್ಜಿ. ಅವರ ಬಲಗೈಯ ಗಾಜಿನ ಬಳೆಗಳು ಒಡೆದು ಮಣಿಕಟ್ಟಿನಲ್ಲಿ ರಕ್ತ ಬರುತ್ತಿತ್ತು. ಒಂದು ಚೂರು ಚರ್ಮದಲ್ಲೇ ಉಳಿದಿತ್ತು. ಅದು ಅವರ ಗಮನಕ್ಕೇ ಬಂದಿರಲಿಲ್ಲ. "ಗಟ್ಟಿ ಹಿಡ್ಕೊಂಡಿದ್ದೆ ಡಾಕ್ಟ್ರೇ, ಗಟ್ಟಿ ಹಿಡ್ಕೊಂಡಿದ್ದೆ" ಅಂತ ಅದನ್ನೇ ಹೇಳುತ್ತಿದ್ದರು. ನಿಜ. ಬಳೆ ಒಡೆಯುವಷ್ಟು ಗಟ್ಟಿಯಾಗಿಯೇ ಹಿಡಿದಿದ್ದರು. "ಅಮ್ಮಾ, ನಿಮ್ಮ ತಪ್ಪಲ್ಲ. ಅಷ್ಟು ಭಾರವನ್ನು ಯಾರ ಕೈಯೂ ತಡೆಯುವುದಿಲ್ಲ" ಅಂದೆ. ಅವರು ನಂಬಲಿಲ್ಲ ಅಂತ ಕಾಣುತ್ತದೆ.

ಅದಕ್ಕೇ ಆ ಭಾರದ ಲೆಕ್ಕ ಹೇಳುತ್ತೇನೆ. ಗಂಟೆಗೆ 50 ಕಿಲೋಮೀಟರ್ ಅಂದರೆ ನಮಗೆ ವೇಗವೇ ಅಲ್ಲ. ಸೀತಾಂಗೋಳಿಯಿಂದ ಕುಂಬಳೆಗೆ ಇಳಿಯುವಾಗ ಅಷ್ಟು ವೇಗ ಯಾರಿಗೂ ಲೆಕ್ಕಕ್ಕಿಲ್ಲ. ಆದರೆ ಸುಮಾರು 10 ಮೀಟರ್ ಮೇಲಿಂದ ಬಿದ್ದವರು ನೆಲ ಮುಟ್ಟುವಾಗ ಇರುವ ವೇಗವೂ ಅದೇ. 10 ಮೀಟರ್ ಅಂದರೆ 33 ಅಡಿ, ಚೆನ್ನಾಗಿ ಬೆಳೆದ ಅಡಿಕೆ ಮರದಷ್ಟು ಎತ್ತರ. ನಮ್ಮ ಊರಿನಲ್ಲಿ ಅಡಿಕೆ ಮರದಿಂದ ಬಿದ್ದವರನ್ನು ನೋಡದವರು ಯಾರಿದ್ದಾರೆ? ಆ ತುದಿಯಿಂದ ಬೀಳುವಾಗ ಮಗುವನ್ನು ಎತ್ತಿಕೊಂಡಿರುತ್ತೇನೆ, ನೆಲ ತಾಗುವಾಗ ಬಿಡದೆ ಗಟ್ಟಿ ಹಿಡಿದುಕೊಳ್ಳುತ್ತೇನೆ ಅಂತ ಯಾರಾದರೂ ಹೇಳುತ್ತಾರಾ? ಕಾರಿನ ಸೀಟಿನಲ್ಲಿ ಕೂತು ನಾವು ಹೇಳುತ್ತಿರುವುದು ಅದನ್ನೇ.

ಕಿಲೋ ಲೆಕ್ಕದಲ್ಲೂ ನೋಡಿ. 50ರ ವೇಗದ ಕಾರು ಬಡಿದು, ಮುಂಭಾಗ ನಜ್ಜುಗುಜ್ಜಾಗಿ, ಅರ್ಧ ಮೀಟರಿನೊಳಗೆ ನಿಂತಿತು ಅಂತಿಟ್ಟುಕೊಳ್ಳಿ. ಆ ಕ್ಷಣಕ್ಕೆ ಒಳಗಿದ್ದ ಎಲ್ಲದರ ಭಾರ ಹತ್ತಿರ ಹತ್ತಿರ 20 ಪಟ್ಟು ಆಗುತ್ತದೆ. 10 ಕಿಲೋದ ಮಗುವನ್ನು ತಡೆಯಬೇಕಾದರೆ 200 ಕಿಲೋ ತಡೆಯಬೇಕು. 50 ಕಿಲೋದ ನಾಲ್ಕು ಅಕ್ಕಿ ಗೋಣಿ! ಅದೂ ಯಾವುದೇ ಸೂಚನೆ ಇಲ್ಲದೆ. ಕೈ ಬಿಗಿಯುವ ಮೊದಲೇ ಎಲ್ಲ ಮುಗಿದಿರುತ್ತದೆ.

"ಹಾಗಾದ್ರೆ ನನ್ನ ಬೆಲ್ಟನ್ನೇ ಮಗುವಿನ ಮೇಲಿಂದ ಹಾಕಿಕೊಳ್ತೇನೆ" ಅನ್ನುವವರು ಜಾಸ್ತಿ. ದಯವಿಟ್ಟು ಬೇಡ. ಆಗ ನಿಮ್ಮ 55 ಕಿಲೋ ಕೂಡ 20 ಪಟ್ಟಾಗುತ್ತದೆ. ಒಂದು ಟನ್ನಿಗೂ ಮೇಲೆ. ಅಷ್ಟು ಭಾರ ಬೆಲ್ಟಿಗೆ ಒತ್ತುವಾಗ ನಡುವೆ ಸಿಕ್ಕಿಕೊಳ್ಳುವುದು ಮಗು.

ಇನ್ನು ಏರ್‌ಬ್ಯಾಗ್. ಹೊಸ ಕಾರು, ಮುಂದೆ ಏರ್‌ಬ್ಯಾಗ್ ಇದೆ, ಹೆದರಿಕೆ ಇಲ್ಲ ಅನ್ನುತ್ತಾರೆ. ಏರ್‌ಬ್ಯಾಗ್ ಮಾಡಿರುವುದು ಬೆಲ್ಟ್ ಹಾಕಿ ಕೂತ ದೊಡ್ಡವರಿಗೆ. ಅದು ಮೆತ್ತಗೆ ಉಬ್ಬುವುದಿಲ್ಲ, ಸ್ಫೋಟಿಸಿದ ಹಾಗೆ ಹೊರಗೆ ಬರುತ್ತದೆ. ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಮಡಿಲ ಮಗುವಿನ ತಲೆ ಇರುವುದು ಸರಿಯಾಗಿ ಅದರ ಎದುರಿನಲ್ಲಿ.

ಹಾಗಾದರೆ ಎಲ್ಲಿ ಕೂರಿಸಬೇಕು? ಹಿಂದಿನ ಸೀಟಿನಲ್ಲಿ, ಮಕ್ಕಳ ಸೀಟಿನಲ್ಲಿ, ಅಂದರೆ ಕಾರಿನ ಸೀಟಿನ ಮೇಲೆ ಬಿಗಿದು ಕಟ್ಟುವ, ಮಗುವನ್ನು ಪಟ್ಟಿಗಳಿಂದ ಹಿಡಿದಿಡುವ ಪುಟ್ಟ ಸೀಟಿನಲ್ಲಿ. ಸಣ್ಣ ಮಗುವಾದರೆ ಮುಖ ಕಾರಿನ ಹಿಂಭಾಗಕ್ಕೆ ಇರಬೇಕು. ಹುಟ್ಟಿದ ಮಗುವಿನಲ್ಲಿ ತಲೆಯೇ ಮೈಯ ಕಾಲು ಭಾಗದಷ್ಟು ಉದ್ದ. ಕತ್ತು ಇನ್ನೂ ಎಳೆಯದು. ಹಿಮ್ಮುಖವಾಗಿ ಕೂತರೆ ಬೆನ್ನು, ಕತ್ತು, ತಲೆ ಮೂರನ್ನೂ ಸೀಟೇ ಒಟ್ಟಿಗೆ ತಡೆಯುತ್ತದೆ. ಕಡಿಮೆಯೆಂದರೆ ಎರಡು ವರ್ಷದ ತನಕ, ಸೀಟಿನ ಅಳತೆಗೆ ಹಿಡಿಸಿದರೆ ಅದಕ್ಕಿಂತ ಜಾಸ್ತಿ ಕಾಲವೂ ಹೀಗೆ ಇರಲಿ. ಕಾಲು ಮಡಚಿದರೆ ತೊಂದರೆ ಇಲ್ಲ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಮಾತ್ರ ಹಿಮ್ಮುಖ ಸೀಟು ಯಾವತ್ತೂ ಬೇಡ. ಯಾವ ಸೀಟು, ಎಷ್ಟು ತೂಕದ ತನಕ ಅನ್ನುವುದು ಒಂದೊಂದು ಕಂಪನಿಗೆ ಒಂದೊಂದು ರೀತಿ. ಸೀಟಿನ ಪುಸ್ತಕ, ಕಾರಿನ ಪುಸ್ತಕ ಎರಡನ್ನೂ ಓದಿ. ಸೀಟಿದ್ದರೆ ಏನೂ ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ, ಅಂಥ ಮಾತು ಯಾವ ಡಾಕ್ಟರೂ ಹೇಳಬಾರದು. ಆದರೆ ಮಡಿಲಿಗೂ ಸೀಟಿಗೂ ಹೋಲಿಕೆಯೇ ಇಲ್ಲ.

ದುಡ್ಡಿನ ಮಾತು ಬರುತ್ತದೆ, ಬರಬೇಕಾದ್ದೇ. ಕೆಲವು ಸಾವಿರ ರೂಪಾಯಿ ಬೀಳುತ್ತದೆ. ನಮ್ಮ ಮನೆಗಳಲ್ಲಿ ತೊಟ್ಟಿಲು ಹೇಗೆ? ಅಕ್ಕನ ಮಗುವಿನಿಂದ ತಂಗಿಯ ಮಗುವಿಗೆ, ಅಲ್ಲಿಂದ ಚಿಕ್ಕಮ್ಮನ ಮನೆಗೆ ಹೋಗುತ್ತದೆ ಅಲ್ವಾ? ಸೀಟೂ ಹಾಗೇ ಹೋಗಲಿ. ಎರಡು ಎಚ್ಚರ ಸಾಕು. ಅಪಘಾತ ಕಂಡ ಸೀಟು ಬೇಡ. ಕಂಪನಿ ಹೇಳಿದ ಅವಧಿ ಮುಗಿದದ್ದೂ ಬೇಡ, ಬಿಸಿಲಿಗೆ ಪ್ಲಾಸ್ಟಿಕ್ ಬಲ ಕಳೆದುಕೊಳ್ಳುತ್ತದೆ. ಅದಕ್ಕೇ ಗೊತ್ತಿಲ್ಲದವರಿಂದ ಹಳೆಯದನ್ನು ಕೊಳ್ಳಬೇಡಿ.

ಕಾನೂನು ಇಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ, 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಓಡಿಸಿದರೆ 1000 ರೂಪಾಯಿ ದಂಡ. 2024ರ ಅಕ್ಟೋಬರಿನಲ್ಲಿ ಕೇರಳದ ಸಾರಿಗೆ ಇಲಾಖೆ ಇದನ್ನು ಗಟ್ಟಿಯಾಗಿ ಜಾರಿ ಮಾಡುತ್ತೇವೆ ಅಂದಿತು. ಸ್ವಲ್ಪ ದಿನದಲ್ಲೇ ಮಂತ್ರಿಗಳು, ಸದ್ಯಕ್ಕೆ ದಂಡ ಬೇಡ, ತಿಳಿವಳಿಕೆ ಸಾಕು ಅಂದರು. ಆ ವಾರ ನನ್ನ ಕ್ಲಿನಿಕ್ಕಿಗೆ ಬಂದವರೆಲ್ಲ "ಈಗ ಬೇಡ ಅಂತೆ ಅಲ್ವಾ ಡಾಕ್ಟ್ರೇ" ಅಂತ ನಗುತ್ತಾ ಕೇಳಿದರು. ನನಗೆ ನಿಜವಾಗಿ ಸಿಟ್ಟು ಬಂತು. ಬೇಡ ಅಂದದ್ದು ದಂಡ. ಸೀಟು ಬೇಡ ಅಂತ ಯಾರೂ ಹೇಳಲಿಲ್ಲ. ಇಲ್ಲಿ ಕ್ಯಾಮೆರಾ ಕಂಡ ಕೂಡಲೇ ಬೆಲ್ಟ್ ಎಳೆದುಕೊಂಡು, ಕರ್ನಾಟಕದ ಗಡಿಯ ತಲಪಾಡಿ ದಾಟಿದ ಮೇಲೆ ಬಿಚ್ಚಿ ಹಾಕುವವರನ್ನೂ ನೋಡಿದ್ದೇನೆ. ಗಡಿ ದಾಟಿದ ಕೂಡಲೇ ಮಗುವಿನ ಕತ್ತು ಗಟ್ಟಿಯಾಗುತ್ತದಾ?

ಅತಿ ಕಷ್ಟದ ಪ್ರಯಾಣ ಮೊದಲನೆಯದು. ಹೆರಿಗೆಗೆ ನಮ್ಮವರು ಜಾಸ್ತಿ ಹೋಗುವುದು ಮಂಗಳೂರಿಗೆ. ವಾಪಸು ಬರುವಾಗ ಕಾಸರಗೋಡಿಗೆ ಸುಮಾರು 50 ಕಿಲೋಮೀಟರ್. ಬಾಣಂತಿಗೆ ಹೊಲಿಗೆಯ ನೋವು, ಮುಂದಿನ ಸೀಟು ಆರಾಮ. ಮಗು ಅವಳ ಕೈಯಲ್ಲೇ ಇರಲಿ ಅನ್ನುತ್ತಾರೆ. ಆ ಆಸೆ ನನಗೆ ಅರ್ಥವಾಗುತ್ತದೆ. ಬಾಣಂತಿ ಹಿಂದೆ ಕೂರಲಿ, ಮಗು ಪಕ್ಕದಲ್ಲೇ ಮಕ್ಕಳ ಸೀಟಿನಲ್ಲಿ ಮಲಗಲಿ. ಮುಖ ನೋಡುತ್ತಾ, ಕೈ ಮುಟ್ಟುತ್ತಾ ಬರಬಹುದು. ಎಳೆ ಮಗುವಿನ ಗಲ್ಲ ಎದೆಗೆ ಒತ್ತದ ಹಾಗೆ ನೋಡಿಕೊಳ್ಳಿ. ಮೊದಲ ವಾರಗಳಲ್ಲಿ ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಹೊರಗೆ ತೆಗೆಯಿರಿ. ಹಾಲು ಕೊಡಬೇಕಾದರೂ ನಿಲ್ಲಿಸಿ. ಮಂಜೇಶ್ವರ, ಉಪ್ಪಳ, ಎಲ್ಲಾದರೂ ಸರಿ. ಹತ್ತು ನಿಮಿಷ ತಡವಾದರೆ ಮನೆಯಲ್ಲಿ ಆರತಿ ಹಿಡಿದವರು ಕಾಯುತ್ತಾರೆ.

ದೊಡ್ಡವರೂ ಹಿಂದೆ ಕೂತಾಗ ಬೆಲ್ಟ್ ಹಾಕಬೇಕು. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ. ಬೆಲ್ಟ್ ಹಾಕದ ಅಜ್ಜ ಪಕ್ಕದ ಮೊಮ್ಮಗುವಿನ ಮೇಲೂ ಬೀಳಬಹುದು. ಮದುವೆಗೆ ಐದು ಜನರ ಕಾರಿನಲ್ಲಿ ಎಂಟು ಜನ ಹೋಗುವುದಾದರೆ ಮೂವರು ಬಸ್ಸಿನಲ್ಲಿ ಹೋಗಿ. ಸ್ಕೂಟರಿನಲ್ಲಿ 9 ತಿಂಗಳಿಂದ 4 ವರ್ಷದ ಮಗುವಿಗೆ ಹೆಲ್ಮೆಟ್, ಮಗುವನ್ನು ಓಡಿಸುವವರಿಗೆ ಸೇರಿಸಿ ಕಟ್ಟುವ ಬೆಲ್ಟ್, ವೇಗ 40ರ ಒಳಗೆ, ಇದು 2023ರಿಂದ ನಿಯಮ. ನನ್ನನ್ನು ಕೇಳಿದರೆ ಅಷ್ಟು ಸಣ್ಣ ಮಗುವಿಗೆ ಸ್ಕೂಟರೇ ಬೇಡ.

ಸೀಟು ತಂದು ಸಡಿಲವಾಗಿ ಕಟ್ಟುವವರೂ ಇದ್ದಾರೆ. ಮಗುವಿನ ಹೆಗಲಿಗೂ ಪಟ್ಟಿಗೂ ನಡುವೆ ಒಂದು ಬೆರಳು ಮಾತ್ರ ಹೋಗಬೇಕು. ದಪ್ಪ ಬಟ್ಟೆ ಸುತ್ತಿ ಅದರ ಮೇಲೆ ಪಟ್ಟಿ ಹಾಕಬೇಡಿ. ಮೊದಲು ಪಟ್ಟಿ, ಆಮೇಲೆ ಹೊದಿಕೆ. ಮೊದಮೊದಲು ಮಗು ಅಳುತ್ತದೆ, ಒಂದೆರಡು ವಾರದಲ್ಲಿ ಅಭ್ಯಾಸವಾಗುತ್ತದೆ. ಅತ್ತಿತು ಅಂತ ನಾವು ಸೂಜಿ ಹಾಕಿಸುವುದನ್ನು ಬಿಡುತ್ತೇವಾ? ಮುಂದಿನ ಲಸಿಕೆಗೆ ಬರುವಾಗ ಸೀಟು ಕಟ್ಟಿಕೊಂಡೇ ಬನ್ನಿ. ಸರಿಯಾಗಿದೆಯಾ ಅಂತ ಸಂಶಯ ಇದ್ದರೆ ಮಗುವನ್ನು ಇಳಿಸಬೇಡಿ, ಒಳಗೆ ಬಂದು ಹೇಳಿ. ನಾನೇ ಕಾರಿನ ಹತ್ತಿರ ಬಂದು ನೋಡುತ್ತೇನೆ.