ಪ್ರತಿಫಲಕ: ಕಾನೂನು ದೀಪವೆಂದು ಕರೆಯುವ ಬಲ್ಬಿಲ್ಲದ ಬಿಲ್ಲೆ

ವಾಹನದ ದೀಪಗಳನ್ನು ಎಣಿಸಲು ಹೇಳಿದರೆ ನಾವು ಹೆಡ್‌ಲೈಟಿನಿಂದ ಶುರು ಮಾಡಿ ಬ್ರೇಕ್ ಲೈಟಿಗೆ ಬಂದು ನಿಲ್ಲುತ್ತೇವೆ. ಹಿಂದಿನ ಬಂಪರಿನ ಮೂಲೆಯಲ್ಲಿ ಕೂತಿರುವ ಕೆಂಪು ಬಿಲ್ಲೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರೊಳಗೆ ಬಲ್ಬಿಲ್ಲ, ಅದಕ್ಕೆ ವೈರ್ ಹೋಗುವುದಿಲ್ಲ, ಯಾವ ಸ್ವಿಚ್ಚಿಗೂ ಅದು ಓಗೊಡುವುದಿಲ್ಲ. ಆದರೆ ವಾಹನಗಳಿಗೆ ದೀಪ ಅಳವಡಿಸುವುದನ್ನು ಕುರಿತ ವಿಶ್ವಸಂಸ್ಥೆಯ 48ನೇ ನಿಯಮಾವಳಿ ‘ದೀಪ’ ಎಂದರೇನು ಎಂದು ವಿವರಿಸುವಾಗ, ರಸ್ತೆಯನ್ನು ಬೆಳಗುವ ಅಥವಾ ಇತರರಿಗೆ ಬೆಳಕಿನ ಸಂಕೇತ ನೀಡುವ ಸಾಧನ ಎಂದು ಹೇಳಿ ಸುಮ್ಮನಾಗುವುದಿಲ್ಲ. ಪ್ರತಿಫಲಕವನ್ನೂ ದೀಪವೆಂದೇ ಪರಿಗಣಿಸಬೇಕು ಎಂದು ಸೇರಿಸುತ್ತದೆ. ತಾನಾಗಿ ಎಂದೂ ಬೆಳಗದ ವಸ್ತುವನ್ನು ದೀಪಗಳ ಸಾಲಿನಲ್ಲಿ ಕೂರಿಸಿದ್ದು ಏಕೆ ಎಂಬುದು ಆ ಪದದ ಅರ್ಥ ಬಿಡಿಸಿದರೆ ತಿಳಿಯುತ್ತದೆ.

ಮೊದಲು ಹೆಸರಿನ ಗೊಂದಲ. ರಿಫ್ಲೆಕ್ಟರ್ ಎಂಬ ಹೆಸರಿನ ಎರಡು ಭಾಗಗಳು ಒಂದೇ ವಾಹನದಲ್ಲಿರುತ್ತವೆ. ಹೆಡ್‌ಲೈಟಿನ ಬಲ್ಬಿನ ಹಿಂದೆ ಬೆಳ್ಳಿಯಂತೆ ಹೊಳೆಯುವ ಬಟ್ಟಲೂ ರಿಫ್ಲೆಕ್ಟರೇ, ಹಿಂಬದಿಯ ಕೆಂಪು ಬಿಲ್ಲೆಯೂ ರಿಫ್ಲೆಕ್ಟರೇ. ಬಟ್ಟಲಿನ ಕೆಲಸ ಸ್ವಂತ ಬಲ್ಬಿನ ಬೆಳಕನ್ನು ಮುಂದಕ್ಕೆ ದಬ್ಬುವುದು. ಬಿಲ್ಲೆಯದು ಪರರ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸುವುದು. ಕಾನೂನಿನ ಮಾತಿನಲ್ಲಿ ಪ್ರತಿಫಲಕ ಎಂದರೆ ಈ ಎರಡನೆಯದು ಮಾತ್ರ. ಮೂರನೆಯ ಹೆಸರೂ ಒಂದಿದೆ: ಹೊಳೆಯುವ ಅಂಟುಪಟ್ಟಿಯನ್ನು ಜನ ‘ರೇಡಿಯಂ’ ಎನ್ನುತ್ತಾರೆ. ಅದರಲ್ಲಿ ರೇಡಿಯಂ ಲೋಹದ ಚೂರೂ ಇಲ್ಲ. ಹಿಂದೊಮ್ಮೆ ಗಡಿಯಾರದ ಮುಳ್ಳುಗಳಿಗೆ ಬಳಿಯುತ್ತಿದ್ದ ರೇಡಿಯಂ ಬಣ್ಣ ಕತ್ತಲಲ್ಲಿ ತಾನೇ ಮಿನುಗುತ್ತಿತ್ತು. ಈ ಪಟ್ಟಿ ಯಾರೂ ಬೆಳಕು ಹಾಯಿಸದಿದ್ದರೆ ಕತ್ತಲಲ್ಲಿ ಕತ್ತಲೇ.

48ನೇ ನಿಯಮಾವಳಿಯ ವ್ಯಾಖ್ಯೆಯನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: ವಾಹನಕ್ಕೆ ಸೇರದ ಬೆಳಕಿನ ಮೂಲದಿಂದ ಬಂದ ಬೆಳಕನ್ನು ಪ್ರತಿಫಲಿಸಿ, ಆ ಮೂಲದ ಸಮೀಪದಲ್ಲಿರುವ ನೋಡುಗನಿಗೆ ವಾಹನದ ಇರವನ್ನು ತಿಳಿಸುವ ಸಾಧನ. ‘ಮೂಲದ ಸಮೀಪದಲ್ಲಿರುವ ನೋಡುಗ’ ಎಂಬಲ್ಲಿ ಇಡೀ ವ್ಯಾಖ್ಯೆಯ ಜೀವವಿದೆ. ಕನ್ನಡಿಗೆ ಓರೆಯಾಗಿ ಬಿದ್ದ ಬೆಳಕು ಮತ್ತೊಂದು ಬದಿಗೆ ಚಿಮ್ಮಿಹೋಗುತ್ತದೆ. ದೀಪ ಬೀರಿದವನಿಗೆ ಏನೂ ಮರಳುವುದಿಲ್ಲ. ಪ್ರತಿಫಲಕಕ್ಕೆ ಬೆಳಕು ಎಡದಿಂದ ಬರಲಿ, ಬಲದಿಂದ ಬರಲಿ, ಒಂದು ಮಿತಿಯೊಳಗೆ ಅದನ್ನು ಕಳುಹಿಸಿದವನ ಕಡೆಗೇ ತಿರುಗಿಸುತ್ತದೆ. ‘ಪ್ರತಿಫಲ’ ಎಂಬ ಪದಕ್ಕೆ ನಮ್ಮಲ್ಲಿ ಕೊಟ್ಟದ್ದಕ್ಕೆ ಬರುವ ಮರುಪಾವತಿ ಎಂಬ ಅರ್ಥವೂ ಇರುವುದರಿಂದ, ಈ ಬಿಲ್ಲೆಗೆ ಕನ್ನಡದ ಹೆಸರು ಇಂಗ್ಲಿಷಿನದಕ್ಕಿಂತ ಚೆನ್ನಾಗಿ ಹೊಂದುತ್ತದೆ ಎಂದು ನನಗೆ ಅನ್ನಿಸುತ್ತದೆ.

ಬಿಲ್ಲೆಯನ್ನು ಹತ್ತಿರದಿಂದ ನೋಡಿದರೆ ಒಳಗೆ ಜೇನುಗೂಡಿನಂಥ ಸಣ್ಣ ಸಣ್ಣ ಮೂಲೆಗಳು ಕಾಣುತ್ತವೆ. ಪ್ರತಿಯೊಂದೂ ಪೆಟ್ಟಿಗೆಯ ಒಳಮೂಲೆಯ ಹಾಗೆ ಪರಸ್ಪರ ಲಂಬವಾದ ಮೂರು ಮುಖಗಳಿಂದ ಆದದ್ದು. ಒಳಹೊಕ್ಕ ಕಿರಣ ಮೂರೂ ಮುಖಗಳಿಗೆ ತಾಗಿ, ಬಂದ ದಿಕ್ಕಿಗೆ ಸಮಾಂತರವಾಗಿ ಹೊರಬೀಳುತ್ತದೆ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ಇಟ್ಟು ಬಂದ ಪ್ರತಿಫಲಕವೂ ಇದೇ ತತ್ತ್ವದ್ದು. ಭೂಮಿಯಿಂದ ಬಿಟ್ಟ ಲೇಸರ್ ಕಿರಣವನ್ನು ಭೂಮಿಗೇ ಮರಳಿಸುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಈ ಮೂಲೆಗಳು ಕರಾರುವಾಕ್ಕಾಗಿದ್ದರೆ ವಾಹನದ ಪ್ರತಿಫಲಕ ಕೆಲಸಕ್ಕೆ ಬರುತ್ತಿರಲಿಲ್ಲ. ಬೆಳಕೆಲ್ಲ ಹೆಡ್‌ಲೈಟಿಗೇ ಮರಳುತ್ತಿತ್ತು, ಅದಕ್ಕಿಂತ ಮೇಲೆ ಕೂತ ಚಾಲಕನ ಕಣ್ಣಿಗೆ ಏನೂ ಸಿಗುತ್ತಿರಲಿಲ್ಲ. ಆದ್ದರಿಂದ ಮರಳುವ ಬೆಳಕು ತುಸು ಹರಡಿಕೊಳ್ಳಬೇಕು. ಎಷ್ಟು? ಹೆಡ್‌ಲೈಟ್, ಪ್ರತಿಫಲಕ, ಕಣ್ಣು ಈ ಮೂರರ ನಡುವೆ ಏರ್ಪಡುವ ಕೋನವನ್ನು ವೀಕ್ಷಣಾ ಕೋನ ಎನ್ನುತ್ತಾರೆ. ಪ್ರತಿಫಲಕಗಳನ್ನೇ ಕುರಿತ ವಿಶ್ವಸಂಸ್ಥೆಯ ಬೇರೊಂದು ನಿಯಮಾವಳಿ ಹೊಳಪನ್ನು ಅಳೆಯುವುದು ಎರಡು ವೀಕ್ಷಣಾ ಕೋನಗಳಲ್ಲಿ: ಒಂದು ಡಿಗ್ರಿಯ ಮೂರನೆಯ ಒಂದು ಭಾಗ, ಅಂದರೆ 20 ಕಲೆ (ಡಿಗ್ರಿಯ ಅರವತ್ತನೆಯ ಒಂದು ಭಾಗವೇ ಒಂದು ಕಲೆ), ಮತ್ತು ಒಂದೂವರೆ ಡಿಗ್ರಿ. ಕಣ್ಣು ಹೆಡ್‌ಲೈಟಿಗಿಂತ 60 ಸೆಂಟಿಮೀಟರ್ ಮೇಲಿದೆ ಎಂದುಕೊಂಡರೆ, ಮೊದಲನೆಯ ಕೋನ ಸುಮಾರು 100 ಮೀಟರ್ ದೂರದಲ್ಲಿ, ಎರಡನೆಯದು 23 ಮೀಟರಿನ ಆಸುಪಾಸಿನಲ್ಲಿ ಏರ್ಪಡುತ್ತದೆ. ಲಾರಿಯ ಚಾಲಕ ಇನ್ನೂ ಎತ್ತರದಲ್ಲಿ ಕೂರುವುದರಿಂದ ಅದೇ ದೂರದಲ್ಲಿ ಅವನ ಕೋನ ದೊಡ್ಡದು. ಕಾರಿನವನಿಗೆ ಝಗ್ಗೆಂದು ಕಂಡ ಬಿಲ್ಲೆ ಅವನಿಗೆ ಮಂಕಾಗಿ ಕಾಣುತ್ತದೆ.

ಇನ್ನು ಎಷ್ಟು ದೂರಕ್ಕೆ ಕಾಣಬೇಕು ಎಂಬ ಪ್ರಶ್ನೆ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ ಐದನೆಯ ಅನುಬಂಧ ಹೇಳುವಂತೆ, ಹವೆ ತಿಳಿಯಾಗಿರುವ ರಾತ್ರಿ ಹಿಂದಿನ ವಾಹನದ ಹೈಬೀಮ್ ಬೆಳಕು ಬಿದ್ದಾಗ ಪ್ರತಿಫಲಕ ಕನಿಷ್ಠ 150 ಮೀಟರಿನಿಂದ ಆ ಚಾಲಕನಿಗೆ ಕಾಣಬೇಕು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅಷ್ಟು ದೂರ ಕ್ರಮಿಸಲು ಏಳು ಸೆಕೆಂಡ್ ಕೂಡ ಬೇಕಿಲ್ಲ. ಅದೇ ಒಪ್ಪಂದ ಹಿಂಬದಿಯ ಕೆಂಪು ದೀಪ 300 ಮೀಟರಿನಿಂದ ಕಾಣಬೇಕು ಎನ್ನುತ್ತದೆ. ಹಾಗಾಗಿ ಪ್ರತಿಫಲಕವಿದೆ ಎಂದು ಕೆಟ್ಟ ಟೇಲ್ ಲೈಟನ್ನು ಹಾಗೇ ಬಿಡುವಂತಿಲ್ಲ. ಮುಸ್ಸಂಜೆಯಲ್ಲಿ ಹಿಂದಿನವನು ಇನ್ನೂ ದೀಪ ಹಾಕಿರದಿದ್ದರೆ ಬಿಲ್ಲೆಗೆ ಮರಳಿಸಲು ಏನೂ ಇರುವುದಿಲ್ಲ. ಅದರ ಸರದಿ ಬರುವುದು ಬ್ಯಾಟರಿ ಸತ್ತಾಗ, ಫ್ಯೂಸ್ ಹೋದಾಗ, ವಾಹನ ಎಲ್ಲ ದೀಪ ಆರಿಸಿಕೊಂಡು ರಸ್ತೆಯಂಚಿನಲ್ಲಿ ನಿಂತಾಗ. ಕೆಟ್ಟು ನಿಂತ ವಾಹನದ ಹಿಂದೆ ಇಡುವ ಕೆಂಪು ತ್ರಿಕೋನ ಇದೇ ವಂಶದ್ದು.

ಬಣ್ಣ ಮತ್ತು ಆಕಾರಕ್ಕೂ ಅರ್ಥವಿದೆ. ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಕ್ಕೆ ಸಾಮಾನ್ಯವಾಗಿ ಅಂಬರ್ ಎನ್ನುವ ಕಿತ್ತಳೆ ಛಾಯೆಯ ಹಳದಿ. ಕತ್ತಲಲ್ಲಿ ಕಂಡ ಚುಕ್ಕೆ ನಮ್ಮತ್ತ ಮುಖ ಮಾಡಿದೆಯೋ, ಬೆನ್ನು ಮಾಡಿದೆಯೋ, ಅಡ್ಡ ನಿಂತಿದೆಯೋ ಎಂಬುದು ಬಣ್ಣದಿಂದಲೇ ತಿಳಿಯುತ್ತದೆ. ಹಿಂಬದಿಗೆ ಬಿಳಿ, ಮುಂಬದಿಗೆ ಕೆಂಪು ಅಂಟಿಸಿಕೊಂಡವರು ಅಲಂಕಾರ ಮಾಡಿಕೊಂಡೆವು ಎಂದುಕೊಳ್ಳಬಹುದು, ಆದರೆ ರಸ್ತೆಯ ಮೇಲೆ ಅದು ಸುಳ್ಳು ಹೇಳಿದಂತೆಯೇ. ವಿಯೆನ್ನಾ ಒಪ್ಪಂದದ ಪ್ರಕಾರ ಮೋಟಾರು ವಾಹನದ ಹಿಂದಿನ ಪ್ರತಿಫಲಕ ತ್ರಿಕೋನವಾಗಿರಕೂಡದು. ಟ್ರೇಲರಿನದು ತ್ರಿಕೋನವೇ ಆಗಿರಬೇಕು, ತುದಿ ಮೇಲಕ್ಕೆ, ಪ್ರತಿ ಬಾಹು 150 ಮಿಲಿಮೀಟರಿಗೆ ಕಡಿಮೆಯಿಲ್ಲದಂತೆ. ಎರಡು ಕೆಂಪು ತ್ರಿಕೋನ ಕಂಡರೆ ಮುಂದೆ ಇರುವುದು ಎಳೆಯುವ ಗಾಡಿಯಲ್ಲ, ಎಳೆಸಿಕೊಳ್ಳುವ ಗಾಡಿ. 48ನೇ ನಿಯಮಾವಳಿ ಆರು ಮೀಟರಿಗಿಂತ ಉದ್ದದ ವಾಹನಗಳಿಗೆ ಪಕ್ಕದ ಪ್ರತಿಫಲಕಗಳನ್ನೂ ಕಡ್ಡಾಯ ಮಾಡಿದೆ. ಹೊಳೆಯುವ ನಂಬರ್ ಪ್ಲೇಟನ್ನು ಮಾತ್ರ ಅದು ಪ್ರತಿಫಲಕವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪ್ರತಿಫಲಕ ಸಾಯುವುದೂ ಸದ್ದಿಲ್ಲದೆ. ಕೆಸರು, ಬಣ್ಣ, ಮೇಲೆ ಅಂಟಿಸಿದ ಚಿತ್ರ ಇವೆಲ್ಲ ಗೊತ್ತಿರುವ ಕಾರಣಗಳು. ಗೊತ್ತಿಲ್ಲದ್ದು ಸಣ್ಣ ಬಿರುಕು. ಪ್ಲಾಸ್ಟಿಕ್ ಬಿಲ್ಲೆಯೊಳಗಿನ ಮೂಲೆಗಳಿಗೆ ಸಾಮಾನ್ಯವಾಗಿ ಕನ್ನಡಿಯ ಲೇಪನವಿರುವುದಿಲ್ಲ; ಬೆನ್ನ ಹಿಂದೆ ಗಾಳಿ ಇರುವುದರಿಂದಲೇ ಬೆಳಕು ಒಳಗೊಳಗೇ ಪುಟಿದು ಮರಳುತ್ತದೆ. ಬಿರುಕಿನಿಂದ ನೀರು ಹೊಕ್ಕು ಗಾಳಿಯ ಜಾಗ ಹಿಡಿದರೆ, ಅಲ್ಲಿಗೆ ಬಂದ ಬೆಳಕಿನ ಬಹುಪಾಲು ಮರಳದೆ ಬಿಲ್ಲೆಯ ಬೆನ್ನ ಕಡೆಗೆ ಸೋರಿಹೋಗುತ್ತದೆ. ಹಗಲಿನಲ್ಲಿ ನೋಡಿದರೆ ಬಿಲ್ಲೆ ಕೆಂಪಗೇ ಇರುತ್ತದೆ.

ಪರೀಕ್ಷಿಸಲು ಒಂದು ಟಾರ್ಚ್ ಸಾಕು. ಕತ್ತಲಾದ ಮೇಲೆ ವಾಹನದಿಂದ ಮೂವತ್ತು ಹೆಜ್ಜೆ ದೂರ ನಿಂತು, ಟಾರ್ಚನ್ನು ಕಿವಿಯ ಪಕ್ಕ ಹಿಡಿದು ಬೆಳಕು ಬಿಡಿ. ಬಿಲ್ಲೆ ಕೆಂಡದಂತೆ ಹೊಳೆಯಬೇಕು. ಕಣ್ಣು ಕದಲಿಸದೆ ಟಾರ್ಚನ್ನು ಮೆಲ್ಲಗೆ ಸೊಂಟದವರೆಗೆ ಇಳಿಸಿದರೆ ಅದು ಮಂಕಾಗುತ್ತ ಬರುತ್ತದೆ. ವೀಕ್ಷಣಾ ಕೋನ ಎಂದದ್ದು ಅದನ್ನೇ.