ಪೌಲನ ಒಂದು ಪದ, ಎರಡು ಓದು

ಸಲಿಂಗಕಾಮದ ಚರ್ಚೆ ಬಂದಾಗ ಕ್ರೈಸ್ತರು ತೆರೆಯುವ ಬೈಬಲ್ ಭಾಗಗಳು ಬೆರಳೆಣಿಕೆಯಷ್ಟೇ. ಆದಿಕಾಂಡ 19ರ ಸೊದೋಮಿನ ಕಥೆಯನ್ನು ಬೇಗ ಮುಗಿಸುತ್ತೇನೆ. ಅಲ್ಲಿ ಊರಿನ ಜನ ನುಗ್ಗಿದ್ದು ಮನೆಗೆ ಬಂದ ಅತಿಥಿಗಳ ಮೇಲೆ ಗುಂಪಾಗಿ ಅತ್ಯಾಚಾರ ಮಾಡಲು. ಯೆಹೆಜ್ಕೇಲ 16:49 ಸೊದೋಮಿನ ತಪ್ಪು ಅಂತ ಹೇಳುವುದು ಸೊಕ್ಕನ್ನು, ಬಡವರಿಗೆ ಕೈ ನೀಡದೇ ಇದ್ದದ್ದನ್ನು. ಸಾಂಪ್ರದಾಯಿಕವಾಗಿ ಓದುವವರು, ಅಂದರೆ ಸಲಿಂಗ ಸಂಬಂಧವನ್ನೇ ಪಾಪ ಅನ್ನುವವರು, ಮುಂದಿನ ವಚನದ ‘ಅಸಹ್ಯ’ವನ್ನೂ ಸೊದೋಮಿನ ಲೈಂಗಿಕ ಪಾಪವನ್ನು ಹೇಳುವ ಯೂದನ ಪತ್ರದ 7ನೇ ವಚನವನ್ನೂ ತೋರಿಸುತ್ತಾರೆ.

ನಾನು ಮುಗ್ಗರಿಸಿದ್ದು 1 ಕೊರಿಂಥ 6:9ರಲ್ಲಿ. ಇದು ಯೇಸುವಿನ ಅಪೊಸ್ತಲ ಪೌಲ ಕೊರಿಂಥದ ಕ್ರೈಸ್ತರಿಗೆ ಬರೆದ ಪತ್ರ, ದೇವರ ರಾಜ್ಯಕ್ಕೆ ಸೇರದವರ ಪಟ್ಟಿ ಇಲ್ಲಿ ಬರುತ್ತದೆ. ಅಲ್ಲಿ ಎರಡು ಗ್ರೀಕ್ ಪದಗಳಿವೆ. ‘ಮಲಕೋಯ್’ ಅಂದರೆ ಮೆತ್ತನೆಯವರು. ಮತ್ತಾಯ 11:8ರಲ್ಲಿ ಇದೇ ಪದ ನಯವಾದ ಬಟ್ಟೆಗೆ ಬಂದಿದೆ. ‘ಅರ್ಸೆನೊಕೊಯ್ತಾಯ್’ ಮಾತ್ರ ತಲೆನೋವು. ಪೌಲನಿಗಿಂತ ಹಿಂದಿನ ಬರಹಗಳಲ್ಲಿ ಇದು ಸಿಕ್ಕಿಲ್ಲ. ಅರ್ಸೆನ್ ಅಂದರೆ ಗಂಡು, ಕೊಯ್ತೆ ಅಂದರೆ ಹಾಸಿಗೆ. ಹಳೆ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ, ಗಂಡು ಗಂಡಿನ ಜೊತೆ ಮಲಗುವುದನ್ನು ಖಂಡಿಸುವ ಯಾಜಕಕಾಂಡ 20:13 ತೆರೆದರೆ ಇವೆರಡೂ ಅಕ್ಕಪಕ್ಕದಲ್ಲೇ ಕೂತಿವೆ! ನೋಡಿದ ಕೂಡಲೇ ‘ಮುಗೀತು, ಪೌಲ ಅಲ್ಲಿಂದಲೇ ಕಟ್ಟಿದ್ದಾನೆ’ ಅಂದುಕೊಂಡೆ. ಸಾಂಪ್ರದಾಯಿಕ ಓದಿನ ಗಟ್ಟಿ ವಾದವೂ ಇದೇ.

ಆದರೆ ಪದ ಎಲ್ಲಿಂದ ಬಂತು ಅನ್ನುವುದು ಬೇರೆ, ಅದನ್ನು ಯಾವುದಕ್ಕೆ ಬಳಸಿದರು ಅನ್ನುವುದು ಬೇರೆ. ‘ಬೆನ್ನೆಲುಬು’ ಬಿಡಿಸಿದರೆ ಅರ್ಥ ಕೈಗೆ ಸಿಗುತ್ತದೆ. ‘ಕೈಮರ’ ಬಿಡಿಸಿ ನೋಡಿ, ದಾರಿ ತೋರಿಸುವ ಕಂಬ ಅಂತ ಹೊಳೆಯುವುದೇ ಇಲ್ಲ, ಅಲ್ವಾ? ಪೌಲನ ಪದ ಬೆನ್ನೆಲುಬೋ ಕೈಮರವೋ? ಜಗಳ ಇರುವುದು ಇಲ್ಲಿ.

ಹಾಗಾದರೆ ಅಕ್ಕಪಕ್ಕದ ಪದಗಳನ್ನು ನೋಡೋಣ ಅಂತ ಇದೇ ಪದ ಮತ್ತೆ ಬರುವ 1 ತಿಮೊಥೆಯ 1:10ಕ್ಕೆ ಹೋದೆ. ಅಲ್ಲಿ ಇದರ ಮುಂದೆಯೇ ಮನುಷ್ಯರನ್ನು ಕದ್ದು ಮಾರುವವರು ಬರುತ್ತಾರೆ. ಹಾಗಾಗಿ ಇದು ಶೋಷಣೆಯ, ದೇಹ ಮಾರಾಟದ ಮಾತು ಅನ್ನುತ್ತಾರೆ ಒಂದು ಕಡೆಯವರು. ನಾನೂ ತಲೆದೂಗಿದೆ. ಆಮೇಲೆ ಪಟ್ಟಿಯನ್ನು ಮೊದಲಿನಿಂದ ಓದಿದೆ: ತಂದೆತಾಯಿಯನ್ನು ಹೊಡೆಯುವವರು, ಕೊಲೆಗಾರರು, ಜಾರರು, ನಮ್ಮ ಪದ, ಮನುಷ್ಯಗಳ್ಳರು, ಸುಳ್ಳುಗಾರರು. ಇದು ಹತ್ತು ಆಜ್ಞೆಗಳ ಕ್ರಮ! ವ್ಯಭಿಚಾರದ ಆಜ್ಞೆ ಆದಮೇಲೆ ಕಳ್ಳತನದ ಆಜ್ಞೆ. ಅಂದರೆ ನಮ್ಮ ಪದ ಕಳ್ಳರ ಸಾಲಿಗಲ್ಲ, ಜಾರರ ಸಾಲಿಗೆ ಸೇರಿರಬಹುದು. ನೆರೆಮನೆ ನೋಡಿ ಗುರುತು ಹಿಡಿಯುವ ನನ್ನ ಶಾರ್ಟ್‌ಕಟ್ ಕೈಕೊಟ್ಟಿತು.

ಅನುವಾದಕರೂ ಪರದಾಡಿದ್ದಾರೆ. ಇಂಗ್ಲಿಷಿನ ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್ 1946ರಲ್ಲಿ ಎರಡೂ ಪದಗಳನ್ನು ಸೇರಿಸಿ ‘ಹೋಮೋಸೆಕ್ಷುಯಲ್ಸ್’ ಅಂತ ಹಾಕಿತು. 1971ರಲ್ಲಿ ಅದನ್ನು ತೆಗೆದು ‘ಲೈಂಗಿಕ ವಿಕೃತರು’ ಅನ್ನುವ ಅರ್ಥದ ಮಾತು ಹಾಕಿದರು. ನನಗಂತೂ ಎರಡೂ ಸರಿ ಅನ್ನಿಸಲಿಲ್ಲ. ಮೊದಲನೆಯದು ಒಬ್ಬರ ಸ್ವಭಾವವನ್ನೇ ಪಾಪದ ಪಟ್ಟಿಗೆ ಸೇರಿಸುತ್ತದೆ, ಎರಡನೆಯದು ಸುಮ್ನೆ ಬೈಗುಳ.

ಸಲಿಂಗ ಸಂಬಂಧದ ಚರ್ಚೆಯಲ್ಲಿ ತೋರಿಸುವ ಇನ್ನೊಂದು ಭಾಗ, ಪೌಲನದೇ ರೋಮ 1:26ರ ‘ಪ್ರಕೃತಿಗೆ ವಿರುದ್ಧ’ದ ಬಗ್ಗೆ ಒಂದೇ ಗುರುತು: ಇದೇ ಗ್ರೀಕ್ ಮಾತು 11:24ರಲ್ಲಿ ಮತ್ತೆ ಬರುತ್ತದೆ. ಅಲ್ಲಿ ಕಾಡು ಎಣ್ಣೆಮರದ (ಆಲಿವ್) ಕೊಂಬೆಯನ್ನು ‘ಪ್ರಕೃತಿಗೆ ವಿರುದ್ಧವಾಗಿ’ ಊರಿನ ಮರಕ್ಕೆ ಕಸಿ ಕಟ್ಟಿದವನು ದೇವರೇ.